ಒಂದು ಮಿಲಿಮೀಟರ್ ತೂತು, ಹದಿನಾಲ್ಕು ಸಾವಿರ ಫೋಟಾನು

ಪ್ರಯೋಗಾಲಯದಲ್ಲಿ ಸಾಕುವ ಬಿಳಿ ಇಲಿ 25 ಗ್ರಾಂ ಆಸುಪಾಸು ತೂಗುತ್ತದೆ. ಅದರ ಹೃದಯ ಅರ್ಧ ಸೆಂಟಿಮೀಟರ್ ಚಿಲ್ಲರೆ. ದೇಹಕ್ಕೆ ಕೊಟ್ಟ ವಿಕಿರಣ ವಸ್ತುವಿನಿಂದ ಹೊರಬರುವ ಗಾಮಾ ಕಿರಣ ಹಿಡಿದು ಚಿತ್ರ ಮಾಡುವುದು ಗಾಮಾ ಕ್ಯಾಮೆರಾ. ಮನುಷ್ಯರಿಗೆ ಬಳಸುವ ಅಂಥ ಕ್ಯಾಮೆರಾ ಸುತ್ತ ತಿರುಗಿ ಸ್ಪೆಕ್ಟ್ ಎಂಬ ಮೂರು ಆಯಾಮದ ಚಿತ್ರ ತೆಗೆಯುವಾಗ, 8ರಿಂದ 10 ಮಿ.ಮೀ.ಗಿಂತ ಹತ್ತಿರ ಇರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ತೋರಿಸುವುದಿಲ್ಲ. ಇಲಿಯ ಇಡೀ ಹೃದಯ ಅದಕ್ಕೆ ಒಂದು ಮಸುಕು ಮಚ್ಚೆ ಅಷ್ಟೆ. ಎಡ ಗೋಡೆ, ಬಲ ಗೋಡೆ ಎಲ್ಲ ಮರೆತುಬಿಡಿ.

ಹಾಗಾಗಿ ಸಣ್ಣ ಪ್ರಾಣಿಗಳಿಗೆ ಬೇರೆ ಯಂತ್ರವೇ ಬೇಕು. ಮಣಿಪಾಲದಲ್ಲಿ ನಾನು ಸೇರಿದ ಪ್ರಾಜೆಕ್ಟಿನ ಕೆಲಸ ಇದರ ಒಂದು ತುಂಡು: ಇಲಿಗೆ ಹೊಂದುವ ಪಿನ್‌ಹೋಲ್ ಕಾಲಿಮೇಟರ್ (ಗಾಮಾ ಕಿರಣವನ್ನು ಸಣ್ಣ ತೂತಿನಿಂದ ಮಾತ್ರ ದಾಟಲು ಬಿಡುವ ಲೋಹದ ತಟ್ಟೆ) ಹೇಗಿರಬೇಕು, ತೂತು ಎಷ್ಟು ದೊಡ್ಡದು, ಎಷ್ಟು ದೂರ, ಯಾವ ಲೋಹ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಹೇಳುವುದು. ಲೋಹ ಕೊಯ್ಯುವುದು ಆಮೇಲೆ.

ಕುಂಜಿಬೆಟ್ಟಿನ ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮ ಕೇಳಿದ್ದು, "ಎಂತ, ಇಲಿಗೂ ಸ್ಕ್ಯಾನ್ ಉಂಟಾ?" ಉಂಟು. ಹೊಸ ಔಷಧಿ ದೇಹದಲ್ಲಿ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಅಲ್ಲಿರುತ್ತದೆ ಅಂತ ನೋಡಲು ಮೊದಲೆಲ್ಲ ಒಂದೊಂದು ಗಂಟೆಯ ಲೆಕ್ಕಕ್ಕೂ ಕೆಲವು ಇಲಿಗಳನ್ನು ಕೊಂದು ಅಂಗಾಂಗ ತೂಗಬೇಕಿತ್ತು. ಔಷಧಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಅಂಟಿಸಿ ಚಿತ್ರ ತೆಗೆದರೆ ಅದೇ ಇಲಿಯನ್ನು ಇವತ್ತು, ನಾಳೆ, ಹೊಸದಾಗಿ ಚುಚ್ಚಿ ಮುಂದಿನ ವಾರವೂ ಮತ್ತೆ ನೋಡಬಹುದು. ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ. ಅದರಿಂದ ಹೊರಡುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ 140 ಅನ್ನುವ ಅಂಕಿ ನನಗೆ ಈಗ ಮನೆಯ ಪಿನ್ ಕೋಡ್‌ಗಿಂತ ಚೆನ್ನಾಗಿ ನೆನಪಿದೆ.

ಗಾಮಾ ಕಿರಣವನ್ನು ಲೆನ್ಸ್ ಇಟ್ಟು ಬಗ್ಗಿಸಲು ಆಗುವುದಿಲ್ಲ. ಉಳಿಯುವುದು ತೂತು. ಹಳೆಯ ಹೆಂಚಿನ ಮನೆಯಲ್ಲಿ ಮಧ್ಯಾಹ್ನ ಹೆಂಚಿನ ಸಂದಿನಿಂದ ಬಿಸಿಲು ನೆಲಕ್ಕೆ ಬೀಳುವುದನ್ನು ನೋಡಿದ್ದೀರಲ್ವಾ? ಸಂದು ಯಾವ ಆಕಾರದ್ದಾದರೂ ನೆಲದ ಮೇಲಿನ ಬೆಳಕು ದುಂಡಗೆ ಇರುತ್ತದೆ. ಅದು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. ಪಿನ್‌ಹೋಲ್ ಕಾಲಿಮೇಟರ್ ಮಾಡುವುದೂ ಇದನ್ನೇ. ಸೂರ್ಯನ ಜಾಗದಲ್ಲಿ ಇಲಿ, ನೆಲದ ಜಾಗದಲ್ಲಿ ಸೋಡಿಯಂ ಅಯೋಡೈಡ್ ಹರಳಿನ ಡಿಟೆಕ್ಟರ್. ಇಲಿಯನ್ನು ತೂತಿಗೆ ಹತ್ತಿರ ಇಟ್ಟು ಡಿಟೆಕ್ಟರನ್ನು ದೂರ ಇಟ್ಟರೆ ಚಿತ್ರ ದೊಡ್ಡದಾಗಿ ಬೀಳುತ್ತದೆ. ಸಣ್ಣ ಪ್ರಾಣಿಗೆ ಪಿನ್‌ಹೋಲ್ ಹೇಳಿ ಮಾಡಿಸಿದ ಹಾಗೆ ಇರುವುದು ಇದಕ್ಕೇ.

ಕಂಪ್ಯೂಟರಿನಲ್ಲಿ ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ನಿಜವಾದ ಇಲಿ ಬೇಕಾದರೆ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಮುಂದೆ ಹೋಗಬೇಕು. ವಿಕಿರಣ ವಸ್ತು ಮುಟ್ಟಬೇಕಾದರೆ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಜಾಗದಲ್ಲೇ ಮುಟ್ಟಬೇಕು. ಟಂಗ್‌ಸ್ಟನ್ ಒಮ್ಮೆ ಕೊಯ್ದರೆ ಕೊಯ್ದದ್ದೇ. ಸಿಮ್ಯುಲೇಶನ್‌ನಲ್ಲಿ ತೂತು ದೊಡ್ಡದು ಮಾಡಲು ಒಂದು ಸಾಲು ಬದಲಾಯಿಸಿದರೆ ಸಾಕು.

ನಾವು ಬಳಸಿದ್ದು ಗೇಟ್ ಎಂಬ ಉಚಿತ ತಂತ್ರಾಂಶ. ಯುರೋಪಿನ ಸರ್ನ್ ಮತ್ತಿತರ ಭೌತವಿಜ್ಞಾನ ಕೇಂದ್ರಗಳವರು ಸೇರಿ ಬೆಳೆಸಿದ, ಕಣಗಳ ಓಡಾಟ ಲೆಕ್ಕ ಹಾಕುವ ಜಿಯಾಂಟ್4 ತಂತ್ರಾಂಶದ ಮೇಲೆ ಇದು ನಿಂತಿದೆ. ನ್ಯೂಕ್ಲಿಯರ್ ಇಮೇಜಿಂಗ್ ಮಾಡುವವರಿಗಾಗಿ ಒಂದಷ್ಟು ದೇಶಗಳ ಸಂಶೋಧಕರು ಸೇರಿ 2004ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟರು. ಒಳಗಿರುವುದು ಮಾಂಟೆ ಕಾರ್ಲೋ ವಿಧಾನ. ಒಂದು ಫೋಟಾನ್ (ಗಾಮಾ ಕಿರಣದ ಒಂದು ಕಣ) ಹುಟ್ಟಿಸು, ದಿಕ್ಕಿಗೆ ದಾಳ ಎಸೆ, ಎಷ್ಟು ದೂರ ಹೋಗಿ ಡಿಕ್ಕಿ ಹೊಡೆಯುತ್ತದೆ ಅಂತ ಮತ್ತೆ ದಾಳ ಎಸೆ, ಹೀರಿಹೋಯಿತೋ ಚದುರಿತೋ ಅಂತ ಮತ್ತೊಮ್ಮೆ. ಹೀಗೆ ಕೋಟಿಗಟ್ಟಲೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂಗೆ ಈ ಯೋಚನೆ ಹೊಳೆದದ್ದು. ಆಟ ಗೆಲ್ಲುವ ಸಂಭವ ಎಷ್ಟು ಅಂತ ಲೆಕ್ಕ ಹಾಕುವುದಕ್ಕಿಂತ ಸುಮ್ನೆ ನೂರು ಸಲ ಆಡಿ ಎಣಿಸಿದರೆ ಆಯ್ತಲ್ಲ ಅಂತ.

ಇನ್‌ಸ್ಟಾಲ್ ಮಾಡುವ ಕತೆ ಹೇಳಿ ಬೋರ್ ಹೊಡೆಸುವುದಿಲ್ಲ. ಹೊಸಬರು ಮೊದಲ ದಿನವೇ ಎಲ್ಲವನ್ನೂ ಕಂಪೈಲ್ ಮಾಡಲು ಹೋಗಬೇಡಿ, ಸಿದ್ಧವಾಗಿ ಸಿಗುವ ವರ್ಚುವಲ್ ಮೆಷಿನ್ ಇಳಿಸಿಕೊಳ್ಳಿ. ಹೊಸ ಆವೃತ್ತಿಯಾದ ಗೇಟ್ 10 ಪೈಥಾನ್‌ನಲ್ಲೇ ನಡೆಯುತ್ತದೆ, ಹಾಗಾಗಿ ಈಗ ಶುರು ಮಾಡುವವರಿಗೆ ಇನ್ನೂ ಸಲೀಸು. ನಾವು ಹಳೆಯ ಮ್ಯಾಕ್ರೋ ಫೈಲುಗಳಲ್ಲೇ ಬರೆದೆವು. ಲ್ಯಾಬಿನಲ್ಲಿ ಮೊದಲೇ ಇದ್ದದ್ದು ಅದು.

ಮೊದಲು ಜಗತ್ತು ಕಟ್ಟಬೇಕು. ನಿಜವಾಗಿಯೂ ಆ ಪೆಟ್ಟಿಗೆಯ ಹೆಸರು ವರ್ಲ್ಡ್ ಅಂತಲೇ. ಅದರೊಳಗೆ ಗಾಳಿ, ಗಾಳಿಯೊಳಗೆ ಡಿಟೆಕ್ಟರ್, ಕಾಲಿಮೇಟರ್, ಫೋಟಾನು ಹೊರಡುವ ಮೂಲ. ನಮ್ಮ ಅಳತೆಗಳು ಹೀಗಿದ್ದವು. ತೂತಿನ ವ್ಯಾಸ 1 ಮಿ.ಮೀ., ತೂತಿನಿಂದ ಇಲಿಯ ನಡುಮಧ್ಯಕ್ಕೆ 30 ಮಿ.ಮೀ., ಆಚೆ ಬದಿಯಲ್ಲಿ ಡಿಟೆಕ್ಟರಿಗೆ 120 ಮಿ.ಮೀ. ಚಿತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಡಿಟೆಕ್ಟರ್ ಅಗಲ 100 ಮಿ.ಮೀ., ನಾಲ್ಕರಿಂದ ಭಾಗಿಸಿದರೆ 25, ಅಂದರೆ ಒಮ್ಮೆಗೆ ಕಾಣುವುದು 25 ಮಿ.ಮೀ. ಅಗಲ. ಸಣ್ಣ ಪ್ರಾಣಿಗಳ ಪೆಟ್ (ಇನ್ನೊಂದು ಬಗೆಯ ವಿಕಿರಣ ಸ್ಕ್ಯಾನ್) ಯಂತ್ರಗಳನ್ನು ಪರೀಕ್ಷಿಸುವ, ಅಮೆರಿಕದ ನೆಮಾ ಸಂಸ್ಥೆಯ 2008ರ ಮಾನದಂಡದಲ್ಲಿ ಇಲಿಯ ಬದಲಿಗೆ ಇಡುವ ಪಾಲಿಥಿಲಿನ್ ಸಿಲಿಂಡರಿನ ವ್ಯಾಸವೂ 25 ಮಿ.ಮೀ. ಸರ್‌ಗೆ ಈ ಹೊಂದಿಕೆ ಇಷ್ಟವಾಯಿತು, ಅಲ್ಲಿಗೇ ನಿಂತೆವು.

ಇಲ್ಲಿಂದ ಮುಂದೆ ನನಗೆ ತುಂಬ ಹಿಡಿಸಿದ ಭಾಗ. ಗೇಟ್ ತೆರೆದು ಇಲಿಯ ಬಣ್ಣದ ಚಿತ್ರ ಬರಿಸುವುದಕ್ಕೆ ಮೊದಲು ಸರ್ ಒಂದು ಷರತ್ತು ಹಾಕಿದರು. "ಮೊದಲು ಒಂದು ಚುಕ್ಕಿ ಇಡು. ಪೆನ್ನು ಕಾಗದದಲ್ಲಿ ಎಷ್ಟು ಬರ್ತದೆ ಅಂತ ಬರಿ. ಎರಡೂ ಕೂಡಿ ಬಂದ ಮೇಲೆ ಇಲಿ." ಆಗ ಸ್ವಲ್ಪ ಕಿರಿಕಿರಿ ಅನಿಸಿದ್ದು ಹೌದು. ಈಗ ಯಾರಾದರೂ ಸಿಮ್ಯುಲೇಶನ್ ಚಿತ್ರ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ.

ಪೆನ್ನು ಕಾಗದದ ಲೆಕ್ಕ ಚಿಕ್ಕದು. ತೂತಿನ ನೇರ ಕೆಳಗಿರುವ ಚುಕ್ಕಿಯಿಂದ ಹೊರಟ ಫೋಟಾನುಗಳಲ್ಲಿ ಎಷ್ಟು ಪಾಲು ತೂತು ದಾಟುತ್ತದೆ ಅಂತ ತಿಳಿಯಲು ತೂತಿನ ವ್ಯಾಸದ ವರ್ಗವನ್ನು ದೂರದ ವರ್ಗದ 16 ಪಟ್ಟಿನಿಂದ ಭಾಗಿಸಬೇಕು. 30ರ ವರ್ಗ 900, ಅದರ 16 ಪಟ್ಟು 14,400. ಅಂದರೆ 14,400 ಫೋಟಾನ್ ಹೊರಟರೆ ಒಂದೇ ಒಂದು ತೂತು ದಾಟುತ್ತದೆ. ಉಳಿದ 14,399ನ್ನು ಲೋಹ ನುಂಗುತ್ತದೆ, ಇಲ್ಲವೇ ಅವು ಇನ್ನೆಲ್ಲೋ ಹೋಗುತ್ತವೆ. ಕಂಪ್ಯೂಟರ್ ಮಾತ್ರ ಪ್ರತಿಯೊಂದಕ್ಕೂ ದಾಳ ಎಸೆದು ಎಸೆದು ಸುಸ್ತಾಗಬೇಕು. ಒಂದು ಕೋಟಿ ಫೋಟಾನ್ ಬಿಟ್ಟರೆ ಸುಮಾರು 694 ಎಣಿಕೆ. ಎಣಿಕೆಯ ಏರುಪೇರು ಅದರ ವರ್ಗಮೂಲದಷ್ಟು ಇರುತ್ತದೆ, ಅಂದರೆ 26, ಶೇಕಡಾ 4ರ ಹತ್ತಿರ. ಶೇಕಡಾ 1ಕ್ಕೆ ಇಳಿಸಬೇಕಾದರೆ 10,000 ಎಣಿಕೆ ಬೇಕು, ಅದಕ್ಕೆ 14 ಕೋಟಿ 40 ಲಕ್ಷ ಫೋಟಾನ್ ಬಿಡಬೇಕು. ಬರೀ ಒಂದು ಚುಕ್ಕಿಗೆ!

ಡಿಟೆಕ್ಟರನ್ನು ದಪ್ಪ ಮಾಡಿ, ಬಂದದ್ದೆಲ್ಲ ಎಣಿಕೆಗೆ ಸಿಗುವ ಹಾಗೆ ಇಟ್ಟು ರನ್ ಮಾಡಿದೆವು. ಬಂದದ್ದು ಕಾಗದದ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಏರುಪೇರು ಶೇಕಡಾ 1 ಇರುವಲ್ಲಿ ಇಷ್ಟು ವ್ಯತ್ಯಾಸ ಕಾಕತಾಳೀಯ ಆಗಲು ಸಾಧ್ಯವಿಲ್ಲ.

ಎಲ್ಲಿಂದ ಬರುತ್ತಿವೆ ಈ ಹೆಚ್ಚುವರಿ ಫೋಟಾನುಗಳು? ಪಿನ್‌ಹೋಲ್ ನೇರ ಕೊರೆದ ತೂತಲ್ಲ. ಎರಡೂ ಕಡೆ ಲಾಳಿಕೆ ಹಾಗೆ ಅಗಲವಾಗಿ, ನಡುವೆ ಚೂಪಾದ ಅಂಚು ಇರುತ್ತದೆ. ಆ ಅಂಚಿನ ತುದಿಯಲ್ಲಿ ಲೋಹ ಕಾಗದದಷ್ಟು ತೆಳು. 140ರ ಶಕ್ತಿಗೆ ಟಂಗ್‌ಸ್ಟನ್ ಎಷ್ಟೇ ಗಟ್ಟಿ ಅಂದರೂ ಅರ್ಧ ಫೋಟಾನುಗಳನ್ನು ತಡೆಯಲು 0.19 ಮಿ.ಮೀ. ದಪ್ಪವಾದರೂ ಬೇಕು. ಅಂಚಿನಲ್ಲಿ ಅಷ್ಟೂ ಇಲ್ಲ, ತೂರಿ ಬಂದೇ ಬರುತ್ತವೆ. ಲಾಳಿಕೆಯ ಕೋನ 60 ಡಿಗ್ರಿ ಇಟ್ಟರೆ 1 ಮಿ.ಮೀ. ತೂತು ಗಾಮಾ ಕಿರಣದ ಕಣ್ಣಿಗೆ 1.15 ಮಿ.ಮೀ. ತೂತು. ಅದರ ವರ್ಗ 1.32. ಆ ಮೂರನೇ ಒಂದು ಭಾಗ ಸಿಕ್ಕಿತು ನೋಡಿ.

ಹೌದೋ ಅಲ್ಲವೋ ಅಂತ ಖಾತ್ರಿ ಮಾಡಲು ಸೀನಿಯರ್ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಗೇಟ್‌ನಲ್ಲಿ ಎಲ್ಲ ವಸ್ತುಗಳ ಪಟ್ಟಿ ಇರುವ ಒಂದು ಫೈಲ್ ಇದೆ. ಅದರಲ್ಲಿ ಟಂಗ್‌ಸ್ಟನ್ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಅದನ್ನು 1,930 ಅಂತ ತಿದ್ದಿ ಮತ್ತೆ ಓಡಿಸು ಅಂದರು. ಅಂಥ ಲೋಹ ಭೂಮಿ ಮೇಲೆ ಎಲ್ಲೂ ಇಲ್ಲ, ಆದರೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಎಣಿಕೆ ಸೀದಾ ಕೆಳಗಿಳಿದು ಕಾಗದದ ಲೆಕ್ಕದ ಪಕ್ಕದಲ್ಲಿ ಬಂದು ಕೂತಿತು. ಸಿಮ್ಯುಲೇಶನ್ ಮೇಲೆ ನನಗೆ ನಂಬಿಕೆ ಬಂದದ್ದು ಅವತ್ತು, ಇಲಿಯ ಚಿತ್ರ ನೋಡಿ ಅಲ್ಲ. ಲೋಹವನ್ನೇ ಸುಳ್ಳು ಮಾಡಿ ಸತ್ಯ ಪರೀಕ್ಷಿಸುವ ಸೌಲಭ್ಯ ನಿಜವಾದ ಲ್ಯಾಬಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ.

ಇದರ ಉಲ್ಟಾ ಕೆಲಸವೂ ಒಂದಿದೆ. ಹಾಗೇ ಬಿಟ್ಟರೆ ಗೇಟ್‌ನ ಡಿಟೆಕ್ಟರ್ ದೇವರಂತೆ ವರ್ತಿಸುತ್ತದೆ. ಫೋಟಾನ್ ಎಲ್ಲಿ ಬಿತ್ತು, ಎಷ್ಟು ಶಕ್ತಿ ಬಿಟ್ಟಿತು ಎಲ್ಲವೂ ಕರಾರುವಾಕ್ಕು. ನಿಜವಾದ ಸೋಡಿಯಂ ಅಯೋಡೈಡ್ ಹಾಗಲ್ಲ. ಅದು 140ನ್ನು ಒಮ್ಮೆ 135 ಅನ್ನುತ್ತದೆ, ಒಮ್ಮೆ 146. ಹಾಗಾಗಿ ಡಿಜಿಟೈಸರ್ ಎಂಬ ಭಾಗದಲ್ಲಿ ಬೇಕಂತಲೇ ಅದನ್ನು ಕೆಡಿಸಬೇಕು. ಶಕ್ತಿಯಲ್ಲಿ ಶೇಕಡಾ 10ರ ಮಸುಕು, ಜಾಗದಲ್ಲಿ ಒಂದೂವರೆ ಮಿ.ಮೀ. ಮಸುಕು ಹಾಕಿದೆವು. ಆಮೇಲೆ 126ರಿಂದ 154ರ ಕಿಟಕಿಯೊಳಗೆ ಬಂದದ್ದನ್ನು ಮಾತ್ರ ಎಣಿಸಬೇಕು, ಚದುರಿ ಶಕ್ತಿ ಕಳೆದುಕೊಂಡು ಬಂದವು ಹೊರಗೆ. ಹಿನ್ನೆಲೆ ವಿಕಿರಣವೂ ಸಿಮ್ಯುಲೇಶನ್‌ನಲ್ಲಿ ತಾನಾಗಿ ಬರುವುದಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ನೆನಪಿಸಬೇಕಾ? ಉಳ್ಳಾಲದ ಮರಳಿನಲ್ಲಿ ಮೋನಜೈಟ್, ಅದರೊಳಗೆ ಥೋರಿಯಂ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪರಿಸರದ ವಿಕಿರಣ ಅಳೆಯಲೆಂದೇ ಒಂದು ಕೇಂದ್ರ ಇದೆ.

ಚುಕ್ಕಿ ಪಾಸಾದ ಮೇಲೆ ಇಲಿ. ಡಿಜಿಮೌಸ್ ಅಂತ ಒಂದು ಡಿಜಿಟಲ್ ಇಲಿ ಉಚಿತವಾಗಿ ಸಿಗುತ್ತದೆ. 28 ಗ್ರಾಂನ ಒಂದು ಗಂಡಿಲಿಯನ್ನು ಸಿ.ಟಿ. ಮಾಡಿ, ತೆಳುವಾಗಿ ಪದರ ಪದರ ಕೊಯ್ದು ಫೋಟೋ ತೆಗೆದು ಕಟ್ಟಿದ್ದು. 0.1 ಮಿ.ಮೀ. ಗಾತ್ರದ ಪುಟ್ಟ ಘನಗಳಲ್ಲಿ ಮಿದುಳು, ಹೃದಯ, ಮೂತ್ರಪಿಂಡ ಎಲ್ಲ ಗುರುತಿಸಿಟ್ಟಿದ್ದಾರೆ. ಹೀಗೆ ಒಟ್ಟು 7 ಕೋಟಿ 80 ಲಕ್ಷಕ್ಕೂ ಜಾಸ್ತಿ ಘನ. ನಮ್ಮ ಕಂಪ್ಯೂಟರಿಗೆ ಅದನ್ನು ಹಾಗೇ ತಿನ್ನಿಸಲು ಆಗಲಿಲ್ಲ, ನಾಲ್ಕು ನಾಲ್ಕು ಸೇರಿಸಿ 0.4 ಮಿ.ಮೀ. ಮಾಡಿಕೊಂಡೆವು. 1.25 ಮಿ.ಮೀ.ಗಿಂತ ಹತ್ತಿರದ ಚುಕ್ಕಿಗಳನ್ನು ಬೇರೆ ಮಾಡಲಾಗದ ಕ್ಯಾಮೆರಾಕ್ಕೆ ಅಷ್ಟು ಧಾರಾಳ ಸಾಕು.

ಇಲಿಯ ಒಂದು ಒಳ್ಳೆಯ ಗುಣ, ಅದು ತೆಳ್ಳಗೆ. ಮೈಯ ನಡುವಿನಿಂದ ಹೊರಬರಲು ಫೋಟಾನಿಗೆ ಹೆಚ್ಚೆಂದರೆ ಒಂದೂಕಾಲು ಸೆಂಟಿಮೀಟರ್ ದಾರಿ. ಅಲ್ಲಿ ಕಳೆದುಹೋಗುವುದು ಶೇಕಡಾ 17ರಷ್ಟು. ಮನುಷ್ಯನ ಎದೆಯೊಳಗಿಂದ 15 ಸೆಂ.ಮೀ. ದಾಟಬೇಕಾದರೆ ಹತ್ತರಲ್ಲಿ ಒಂದು ಮಾತ್ರ ತಪ್ಪಿಸಿಕೊಂಡು ಬರುತ್ತದೆ. ಮನುಷ್ಯರ ಸ್ಕ್ಯಾನ್‌ನಲ್ಲಿ ತಲೆನೋವು ಕೊಡುವ ಚದುರುವಿಕೆಯ ತಿದ್ದುಪಡಿಗೆ ನಾವು ಇಲ್ಲಿ ತಲೆ ಕೆಡಿಸಿಕೊಳ್ಳಲಿಲ್ಲ.

ಮಳೆಗಾಲದಲ್ಲಿ ಇದನ್ನೆಲ್ಲ ಓಡಿಸುವುದು ಬೇರೆಯೇ ಪುರಾಣ. ಜುಲೈಯಲ್ಲಿ ಗಾಳಿ ಬಂದು ಎಲ್ಲಿಯೋ ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಹೋಯ್ತು, ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ? ಒಂದು ದೊಡ್ಡ ರನ್ ಹಾಕುವ ಬದಲು ಸಣ್ಣ ಸಣ್ಣ ತುಂಡು ಮಾಡಿ ಹಾಕುವುದೇ ಕ್ಷೇಮ. ಹೋದರೆ ಒಂದು ತುಂಡು ಹೋಗುತ್ತದೆ. ಆದರೆ ತುಂಡು ಮಾಡುವಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಸೀಡ್ ಕೊಡಬೇಕು. ದಾಳ ಎಲ್ಲಿಂದ ಶುರು ಅಂತ ಹೇಳುವ ಅಂಕಿ ಅದು. ಎಲ್ಲದಕ್ಕೂ ಒಂದೇ ಸೀಡ್ ಇದ್ದರೆ ಅದೇ ಫೋಟಾನುಗಳು ಅದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಎಣಿಕೆ ಹತ್ತು ಪಟ್ಟು ಆಗುತ್ತದೆ, ಮಾಹಿತಿ ಒಂದು ಚೂರೂ ಹೆಚ್ಚುವುದಿಲ್ಲ. ಚಿತ್ರ ನೋಡಿದರೆ ಗೊತ್ತೂ ಆಗುವುದಿಲ್ಲ. ನಮ್ಮ ಲ್ಯಾಬಿನ ರೂಢಿ ಅಂದರೆ ಎರಡು ಫೈಲುಗಳ ಮೊದಲ ಕೆಲವು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ಒಂದೇ ಥರ ಇದ್ದರೆ ಎಲ್ಲ ಕಸದ ಬುಟ್ಟಿಗೆ.

ತೂತಿನ ಗಾತ್ರದ ಬಗ್ಗೆ ಲ್ಯಾಬಿನಲ್ಲಿ ಸಣ್ಣ ಜಗಳವೇ ಆಯಿತು. ಅರ್ಧ ಮಿ.ಮೀ. ಇಟ್ಟರೆ ಚಿತ್ರ ಚುರುಕಾಗುತ್ತದೆ ಅಲ್ವಾ ಅಂತ ಒಬ್ಬರು. ಆಗುತ್ತದೆ. ಅಂಚಿನ ಸೋರಿಕೆ ಸೇರಿ ಅದು 0.64 ಮಿ.ಮೀ. ಆಗಿ, ಇಲಿಯ ಮಟ್ಟದಲ್ಲಿ 0.8 ಮಿ.ಮೀ. ತನಕ ಬೇರೆ ಮಾಡಿ ತೋರಿಸುತ್ತದೆ. ಆದರೆ ಎಣಿಕೆ ಮೂರು ಪಟ್ಟಿಗಿಂತ ಜಾಸ್ತಿ ಕಡಿಮೆ. ಅರ್ಧ ಗಂಟೆಯ ಸ್ಕ್ಯಾನ್ ಒಂದೂವರೆ ಗಂಟೆ ದಾಟುತ್ತದೆ. ಅಷ್ಟು ಹೊತ್ತು ಇಲಿಗೆ ಅರಿವಳಿಕೆ ಕೊಟ್ಟು ಮೈ ಬೆಚ್ಚಗೆ ಇಟ್ಟುಕೊಳ್ಳಬೇಕು. ಅತ್ತ ಟೆಕ್ನೀಷಿಯಂ ಕರಗುತ್ತಾ ಇರುತ್ತದೆ. ಅಚ್ಚಾದ ಪ್ರಬಂಧಗಳಲ್ಲಿ ಚುರುಕು ಚಿತ್ರಕ್ಕೆ ಚಪ್ಪಾಳೆ ಜಾಸ್ತಿ. ನನಗೆ ಕೇಳಿದರೆ ಇಲಿಯನ್ನು ಮಲಗಿಸುವವರ ಮಾತಿಗೆ ಮೊದಲ ಬೆಲೆ ಕೊಡಬೇಕು. 1 ಮಿ.ಮೀ. ಉಳಿಯಿತು.

ಡ್ರಾಯಿಂಗ್ ಹಿಡಿದು ಶಿವಳ್ಳಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ಹೋದೆ. ಲೇತ್ ಪಕ್ಕದಲ್ಲಿ ನಿಂತು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ ಯಜಮಾನರು ಮೊದಲು ಹೇಳಿದ್ದು, "ಟಂಗ್‌ಸ್ಟನ್ ನಮ್ಮಲ್ಲಿ ಆಗುದಿಲ್ಲ ಮಾರಾಯ್ರೆ. ಹಿತ್ತಾಳೆಯಲ್ಲಿ ಬೇಕಾದ್ರೆ ಹೇಳಿ, ಈಗ್ಲೇ ಮಾಡಿ ಕೊಡ್ತೇನೆ."

ಹಿತ್ತಾಳೆ ಆಗುವುದಿಲ್ಲ ಅಣ್ಣ, ಒಂದು ಸೆಂಟಿಮೀಟರ್ ದಪ್ಪ ಇಟ್ಟರೂ ಎಂಟರಲ್ಲಿ ಒಂದು ಫೋಟಾನ್ ತೂರಿ ಬರುತ್ತದೆ ಅಂದೆ. ಸೀಸ?

"ಸೀಸ ಎರೆಯುವವರು ಮಲ್ಪೆಯಲ್ಲಿ ಇದ್ದಾರೆ, ಬಲೆಗೆ ಗುಂಡು ಮಾಡುವವರು. ಪ್ಲೇಟು ಬೇಕಾದ್ರೆ ಮಾಡಿಸುವ. ಆದ್ರೆ ಈ ತೂತು ಸೀಸದಲ್ಲಿ ನಿಲ್ಲುದಿಲ್ಲ. ಉಗುರು ತಾಗಿದ್ರೆ ಸಾಕು, ಅಂಚು ಮಡಚಿ ಹೋಗ್ತದೆ." ಮತ್ತೆ ಬೆರಳಿನಿಂದ ಡ್ರಾಯಿಂಗಿನ ಚೂಪು ತುದಿ ತೋರಿಸಿ, "ಇದು ಹೀಗೆ ಬ್ಲೇಡಿನ ಹಾಗೆ ಯಾಕೆ? ಯಾವ ಲೋಹದಲ್ಲಿ ಮಾಡಿದ್ರೂ ಮುರೀತದೆ. ಇಲ್ಲಿ ಸ್ವಲ್ಪ ನೇರ ಬಿಡಿ, ಮೂರು ಪಾಯಿಂಟ್."

ಅವರ ಮೂರು ಪಾಯಿಂಟ್ ಅಂದರೆ 0.3 ಮಿ.ಮೀ. ನಾನು ಲ್ಯಾಬಿಗೆ ಬಂದು ಅದನ್ನೇ ಹಾಕಿ ಓಡಿಸಿದೆ. ಚೂಪು ಅಂಚಿನ ಬದಲು ನಡುವೆ 0.3 ಮಿ.ಮೀ. ಉದ್ದದ ನೇರ ಕೊಳವೆ. ಸೋರಿಕೆ ತಗ್ಗಿತು, ಯಾಕೆಂದರೆ ಈಗ ತುದಿಯಲ್ಲೂ ತಡೆಯಲು ಲೋಹ ಇದೆ. ಚಿತ್ರದ ನಡುಭಾಗ ಇನ್ನಷ್ಟು ಸ್ಪಷ್ಟವಾಯಿತು. ನಷ್ಟ ಇರುವುದು ಬದಿಯಲ್ಲಿ. ಓರೆಯಾಗಿ ಬರುವ ಫೋಟಾನಿಗೆ ಕೊಳವೆಯ ಬಾಯಿ ಸ್ವಲ್ಪ ಮುಚ್ಚಿದ ಹಾಗೆ ಕಾಣುತ್ತದೆ. ಲೆಕ್ಕದ ಪ್ರಕಾರ ಡಿಟೆಕ್ಟರಿನ ಅಂಚಿನಲ್ಲಿ ಸುಮಾರು ಶೇಕಡಾ 16. ಅದು ಎಲ್ಲಿ ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಚಿತ್ರ ಜೋಡಿಸುವಾಗ ಸರಿಪಡಿಸಬಹುದು, ಮುರಿದ ಅಂಚನ್ನು ಸರಿಪಡಿಸಲು ಆಗುವುದಿಲ್ಲ. ಹೀಗೆ ನೇರ ಬಿಡುವ ವಿನ್ಯಾಸ ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ಇದೆ. ನಮಗೆ ಅದು ಬಂದದ್ದು ಮಾತ್ರ ಲೇತ್ ಕಡೆಯಿಂದ.

ಕೊನೆಗೆ ನಿಂತ ವಿನ್ಯಾಸ ಇದು: ದೊಡ್ಡ ಪ್ಲೇಟು ಸೀಸದ್ದು, ನಡುವೆ ಕೂರುವ ನಾಣ್ಯದಷ್ಟು ತುಂಡು ಟಂಗ್‌ಸ್ಟನ್ ಮಿಶ್ರಲೋಹದ್ದು. ನಿಕಲ್, ಕಬ್ಬಿಣ ಬೆರೆಸಿದ ಈ ಮಿಶ್ರಲೋಹ ಶುದ್ಧ ಟಂಗ್‌ಸ್ಟನ್‌ನಷ್ಟು ಹಟಮಾರಿಯಲ್ಲ. ತೂತು ಮಾತ್ರ ಇಡಿಎಂನಲ್ಲಿ, ಕಿಡಿಯಿಂದ ಕೊರೆಸಬೇಕು. ಅದು ನಮ್ಮ ಊರಿನಲ್ಲಿ ಆಗಲಿಲ್ಲ, ಹೊರಗೆ ಕೊಟ್ಟಿದ್ದೇವೆ. ತುಂಡು ಸರಿಯಾಗಿ ಕೂರುತ್ತದಾ ಅಂತ ನೋಡಲು ಯಜಮಾನರು ಹಿತ್ತಾಳೆಯಲ್ಲಿ ಒಂದು ಮಾದರಿ ಮಾಡಿ ಕೊಟ್ಟರು. ಅದು ಈಗ ನನ್ನ ಮೇಜಿನ ಮೇಲಿದೆ, ಬಂದವರೆಲ್ಲ ಎತ್ತಿ ಕಣ್ಣಿಗೆ ಹಿಡಿದು ನೋಡುತ್ತಾರೆ.

ಈಗ ನಡೆಯುತ್ತಿರುವುದು ಐದು ತೂತಿನ ಪ್ಲೇಟಿನ ಕೆಲಸ. ಒಂದು ತೂತಿಗೆ 14,400ರಲ್ಲಿ ಒಂದು ಫೋಟಾನ್ ಆದರೆ ಐದಕ್ಕೆ ಐದು ಸಿಗುತ್ತದೆ, ಸರಳ ಲೆಕ್ಕ. ಆದರೆ ಐದೂ ಚಿತ್ರಗಳು ಒಂದೇ ಡಿಟೆಕ್ಟರ್ ಮೇಲೆ ಬೀಳಬೇಕು. ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಒಂದರ ಮೇಲೊಂದು ಬಿದ್ದು ಯಾವ ಫೋಟಾನ್ ಯಾವ ತೂತಿನದ್ದು ಅಂತ ತಿಳಿಯುವುದಿಲ್ಲ. ಡಿಟೆಕ್ಟರನ್ನು ಹತ್ತಿರ ತಂದರೆ ಚಿತ್ರ ಚಿಕ್ಕದಾಗಿ ಡಿಟೆಕ್ಟರಿನ ಮಸುಕು ಎದ್ದು ಕಾಣುತ್ತದೆ. ಸ್ವಲ್ಪ ಮೇಲೆ ಬಿದ್ದರೂ ಪರವಾಗಿಲ್ಲ, ಚಿತ್ರ ಜೋಡಿಸುವ ಪ್ರೋಗ್ರಾಂ ಬಿಡಿಸಿಕೊಳ್ಳುತ್ತದೆ ಅಂತ ಮೇಡಂ ವಾದ. ಎಷ್ಟರ ತನಕ ಪರವಾಗಿಲ್ಲ ಅಂತ ನೋಡಬೇಕು.

ಯಜಮಾನರಿಗೆ ಇದರ ಡ್ರಾಯಿಂಗ್ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಐದೂ ಒಂದೇ ಕಡೆ ನೋಡ್ಬೇಕಾ?" ಹೌದು, ಐದೂ ಇಲಿಯ ನಡುಮಧ್ಯವನ್ನೇ ನೋಡಬೇಕು, ಹಾಗಾಗಿ ಸುತ್ತಲಿನ ನಾಲ್ಕು ಓರೆ. "ಓರೆ ಅರ್ಧ ಡಿಗ್ರಿ ಆಚೀಚೆ ಆದ್ರೆ ನಡೀತದಾ?" ಅಂದರು. ಅದಕ್ಕೆ ಉತ್ತರ ಹುಡುಕಲು ನಿನ್ನೆ ರಾತ್ರಿ ರನ್ ಹಾಕಿದ್ದೇನೆ, ಬೇರೆ ಬೇರೆ ಸೀಡ್ ಕೊಟ್ಟು, ಸಣ್ಣ ಸಣ್ಣ ತುಂಡು ಮಾಡಿ.